ಒಬ್ಬಳೇ ಮಗಳೆಂದ ಐದು ಮನೆಗಳು

ಏನು ಕೆಲಸ ಮಾಡುತ್ತೀಯ ಎಂದು ಊರಿನವರು ಕೇಳಿದರೆ ‘ಸರ್ಕಾರದಲ್ಲಿ, ಬೆಳಕಿನ ಮೇಲೆ ಸಂಶೋಧನೆ’ ಎನ್ನುತ್ತೇನೆ. ಅಜ್ಜಂಪುರದಲ್ಲಿ ಅದಕ್ಕೆ ಕರೆಂಟ್ ಆಫೀಸು ಎಂದೇ ಅರ್ಥ. ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಸಾಕು, “ನಮ್ ಬೀದಿ ಟ್ರಾನ್ಸ್‌ಫಾರ್ಮರ್ ಸುಟ್ಟೋಗಿ ಎಂಟ್ ದಿನ ಆಯ್ತು, ಒಂಚೂರು ಹೇಳವ್ವ ನಿಮ್ಮೋರಿಗೆ” ಎಂದು ಯಾರಾದರೂ ಅಡ್ಡ ಹಾಕುತ್ತಾರೆ. ಹೇಳುತ್ತೇನೆ ಎಂದು ತಲೆಯಾಡಿಸಿ ಬರುತ್ತೇನೆ. ನಮ್ಮ ಮನೆಯಲ್ಲಿ ನಿಜವಾಗಿಯೂ ಕರೆಂಟಿನ ಕಂಬ ಹತ್ತುವವರು ಒಬ್ಬರಿದ್ದಾರೆ, ನನ್ನ ಭಾವ. ತರೀಕೆರೆಯಲ್ಲಿ ಲೈನ್‌ಮನ್. ಆದರೆ ಹದಿನೇಳು ವರ್ಷ ನಮ್ಮ ಮನೆಯಲ್ಲಿ ಅವರ ಮಾತು ಎತ್ತುವ ಹಾಗಿರಲಿಲ್ಲ. ಅವರ ಮಾತು ಎತ್ತಿದರೆ ನನ್ನ ಅಕ್ಕನ ಮಾತೂ ಎತ್ತಬೇಕಾಗುತ್ತಿತ್ತು.

ಈ ಬರಹವನ್ನು ನನ್ನ ಮೇಲಿನವರು ಓದಿ, ಎರಡು ಕಡೆ ಗೆರೆ ಹೊಡೆದು, ಯಾವ ಮನುಷ್ಯರ ಹೆಸರೂ ಇರಕೂಡದು ಎಂಬ ಷರತ್ತಿನ ಮೇಲೆ ಒಪ್ಪಿಗೆ ಕೊಟ್ಟಿದ್ದಾರೆ. ನಾನು ಸರ್ಕಾರದ ಗುಪ್ತಚರ ವಿಭಾಗವೊಂದರ ಪ್ರಯೋಗಾಲಯದಲ್ಲಿ ಕ್ವಾಂಟಮ್ ಭೌತಶಾಸ್ತ್ರದ ಸಂಶೋಧಕಿ. ಪಿಸ್ತೂಲು, ಕಪ್ಪು ಕನ್ನಡಕ, ಓಡುವ ಕಾರು, ಇವೆಲ್ಲ ಯಾರ ಪಾಲಿಗಿವೆಯೋ ನನಗೆ ಗೊತ್ತಿಲ್ಲ. ನನ್ನ ಪಾಲಿಗೆ ಬಂದದ್ದು ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡು ಕೂರಬೇಕಾದ ಒಂದು ತಣ್ಣನೆಯ ಕೋಣೆ, ಒಂದು ಕಂಪ್ಯೂಟರ್, ಮತ್ತು ಹೊರಗೆ ಪೆಟ್ಟಿಗೆಯಲ್ಲಿ ಬಿಟ್ಟು ಬರಬೇಕಾದ ಮೊಬೈಲು.

ಒಳಗೆ ಮಾಡುವುದೇನು ಎಂದು ಸರಳವಾಗಿ ಹೇಳುತ್ತೇನೆ. ಬೆಳಕನ್ನು ತೆಳುವಾಗಿಸುತ್ತ ಹೋದರೆ ಕೊನೆಗೆ ಅದು ಒಂದೊಂದೇ ಕಾಳಾಗಿ ಬರುತ್ತದೆ. ಆ ಕಾಳಿಗೆ ಫೋಟಾನ್ ಎಂದು ಹೆಸರು. ಗುಟ್ಟಿನ ಸಂದೇಶವನ್ನು ತೆರೆಯುವ ಕೀಲಿಯನ್ನು ಈ ಕಾಳುಗಳ ಮೇಲೆ ಹೊರಿಸಿ, ನೆಲದಡಿ ಹೂತಿರುವ ಫೈಬರ್ ಕೇಬಲ್ಲಿನಲ್ಲಿ ಒಂದು ಊರಿನಿಂದ ಇನ್ನೊಂದು ಊರಿಗೆ ಕಳಿಸುತ್ತೇವೆ. ನಡುವೆ ಯಾರಾದರೂ ಕದ್ದು ನೋಡಿದರೆ ಕಾಳು ಕೆಡುತ್ತದೆ. ನೋಡಿದ್ದಕ್ಕೇ ಕೆಡುತ್ತದೆ. ಆ ತುದಿಯಲ್ಲಿ ತಪ್ಪುಗಳು ಹೆಚ್ಚಾಗುತ್ತವೆ, ಯಾರೋ ಇಣುಕಿದ್ದಾರೆ ಎಂದು ನಮಗೆ ತಿಳಿಯುತ್ತದೆ.

ನಮ್ಮ ಪ್ರಯೋಗಕ್ಕೆ ಸಿಕ್ಕ ಫೈಬರ್ ನನ್ನ ಸೀಮೆಯದೇ. ರೈಲು ಹಳಿಯ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಯಾವ ಕೋಣೆಯಿಂದ ಯಾವ ಕೋಣೆಗೆ ಎಂಬ ಸಾಲಿಗೆ ಗೆರೆ ಬಿದ್ದಿದೆ, ಬಿಡಿ. ಮೊದಲ ವಾರ ದಿನಾ ಒಂದೇ ಹೊತ್ತಿಗೆ ತಪ್ಪುಗಳು ಏರುತ್ತಿದ್ದವು. ಉತ್ತರದ ಕಡೆಯಿಂದ ಬಂದಿದ್ದ ನನ್ನ ಸಹೋದ್ಯೋಗಿಯ ಮುಖ ಬಿಳುಚಿಕೊಂಡಿತು. ಯಾರೋ ಲೈನಿಗೆ ಕೈ ಹಾಕಿದ್ದಾರೆ, ಮೇಲಕ್ಕೆ ವರದಿ ಮಾಡೋಣ ಎಂದ. ನಾನು ಗಡಿಯಾರ ನೋಡಿದೆ. ನನ್ನ ಹರಕು ಹಿಂದಿಯಲ್ಲಿ, “ಯಾರೂ ಇಲ್ಲ ಮಾರಾಯ, ಪ್ಯಾಸೆಂಜರ್ ಗಾಡಿ ಶಿವನಿ ಸ್ಟೇಷನ್ ಬಿಟ್ಟಿದೆ, ಅಷ್ಟೇ. ಇನ್ನು ಹತ್ತು ನಿಮಿಷ ಸುಮ್ಮನಿರು” ಎಂದೆ. ಹತ್ತು ನಿಮಿಷಕ್ಕೆ ನೆಲ ಅದುರುವುದು ನಿಂತು ತಪ್ಪುಗಳು ಇಳಿದವು. ಆಮೇಲೆ ಆ ಕೋಣೆಯ ಗೋಡೆಗೆ ರೈಲಿನ ವೇಳಾಪಟ್ಟಿ ಅಂಟಿಸಿದೆವು. ಅವನು ಇವತ್ತಿಗೂ ನನ್ನನ್ನು ಸ್ಟೇಷನ್ ಮಾಸ್ಟರ್ ಎಂದೇ ಕರೆಯುತ್ತಾನೆ.

ಐದು ವರ್ಷ ಆ ಯಂತ್ರವನ್ನು ನನ್ನ ಕೈಯಾರೆ ಕಟ್ಟಿದೆ. ಒಂದೊಂದು ಕನ್ನಡಿಯನ್ನೂ ಕೂದಲೆಳೆಯಷ್ಟು ತಿರುಗಿಸಿ ಕೂರಿಸಿದ್ದೆ. ಕೆಲಸ ಮುಂದಿನ ಹಂತಕ್ಕೆ ಹೋಯಿತು. ಆ ಹಂತಕ್ಕೆ ಇನ್ನೂ ಮೇಲಿನ ಕ್ಲಿಯರೆನ್ಸ್ ಬೇಕು, ಅಂದರೆ ಈ ಮನುಷ್ಯರು ನಂಬಿಕಸ್ಥರು ಎಂದು ಸರ್ಕಾರ ಕೊಡುವ ಒಪ್ಪಿಗೆ. ಅದು ಸಿಗದಿದ್ದರೆ ಬಾಗಿಲಿಗೆ ನನ್ನ ಕಾರ್ಡು ತೋರಿಸಿದಾಗ ಬಾಗಿಲು ತೆರೆಯುವುದಿಲ್ಲ. ಯಂತ್ರ ಒಳಗೆ, ನಾನು ಹೊರಗೆ. ಇಷ್ಟು ದೊಡ್ಡ ಫಾರಂ ಕೊಟ್ಟರು. ಒಡಹುಟ್ಟಿದವರು ಎಂಬ ಕಡೆ ನಾನು ಅಕ್ಕನ ಹೆಸರು, ಭಾವನ ಹೆಸರು, ತರೀಕೆರೆಯ ವಿಳಾಸ ಎಲ್ಲ ಬರೆದೆ. ಎಷ್ಟು ಸಂಪರ್ಕ ಇದೆ ಎಂಬ ಕಡೆ ‘ವರ್ಷಕ್ಕೆ ಒಂದೆರಡು ಬಾರಿ, ಫೋನಿನಲ್ಲಿ’ ಎಂದು ಬರೆದೆ. ಅದನ್ನು ಸರ್ಕಾರಕ್ಕೆ ಹೇಳಿದಷ್ಟು ಸಲೀಸಾಗಿ ನಾನು ಹೆತ್ತ ತಾಯಿಗೆ ಯಾವತ್ತೂ ಹೇಳಿರಲಿಲ್ಲ. ಗುಟ್ಟು ಕಾಯುವುದಕ್ಕೆ ಇಲಾಖೆ ನನಗೆ ಮೂರು ವಾರ ತರಬೇತಿ ಕೊಟ್ಟಿತು. ದಂಡ! ಮನೆಯಲ್ಲೇ ಕಲಿತು ಬಂದಿದ್ದೆ.

ನಮ್ಮದು ಅಜ್ಜಂಪುರದ ಬಜಾರ್ ಬೀದಿಯಲ್ಲಿ ತಕ್ಕಡಿ ಅಂಗಡಿ. ಮೇಲೆ ಮನೆ, ಕೆಳಗೆ ಅಂಗಡಿ. ಅಪ್ಪ ತಕ್ಕಡಿ ರಿಪೇರಿ ಮಾಡುತ್ತಿದ್ದರು. ಕಡೂರಿನ ಕೊಬ್ಬರಿ ಮಂಡಿಗಳವರು ಇವರ ಕೈ ಬಿದ್ದ ತಕ್ಕಡಿ ಎಂದರೆ ಎರಡು ಮಾತಾಡುತ್ತಿರಲಿಲ್ಲ. ಮುಳ್ಳು ನಿಲ್ಲುವ ತನಕ ಯಾರೂ ಹತ್ತಿರ ಬರಬಾರದು ಎಂದು ನನ್ನನ್ನು ದೂರ ನಿಲ್ಲಿಸುತ್ತಿದ್ದರು. “ಉಸ್ರು ಬಿಟ್ರೂ ಅಲ್ಲಾಡ್ತದೆ ಕಣವ್ವ, ಅದ್ರ ಪಾಡಿಗೆ ಅದನ್ನ ಬಿಡು” ಎನ್ನುತ್ತಿದ್ದರು. ನಾನು ಅಳೆಯುವ ಕೆಲಸಕ್ಕೆ ಬಿದ್ದದ್ದು ಅಲ್ಲಿಂದಲೇ. ಅಪ್ಪ ಹೋಗಿ ನಾಲ್ಕು ವರ್ಷವಾಯಿತು. ಈಗ ಅಂಗಡಿ ನಡೆಸುವುದು ಅವ್ವ. ಎಲೆಕ್ಟ್ರಾನಿಕ್ ತಕ್ಕಡಿ, ಬ್ಯಾಟರಿ, ತೂಕದ ಕಲ್ಲು ಮಾರುತ್ತಾಳೆ, ಗಿರಾಕಿಗಳನ್ನು ಗದರುತ್ತಾಳೆ, ಸಂತೆಯ ದಿನ ಅವಳ ದನಿ ಬೀದಿಯ ಆ ತುದಿಗೂ ಕೇಳುತ್ತದೆ.

ಹದಿನೇಳು ವರ್ಷದ ಹಿಂದೆ, ನನಗೆ ಹದಿನೆಂಟು ತುಂಬಿದಾಗ, ಅಕ್ಕ ಕಡೂರಿನ ಕಾಲೇಜಿನಲ್ಲಿ ಜೊತೆಗೆ ಓದಿದವರನ್ನು ರಿಜಿಸ್ಟರ್ ಮದುವೆಯಾದಳು. ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆ, ಭಾವನವರದು ಬೌದ್ಧರ ಮನೆ. ಅವರ ತಾತ ಮುತ್ತಾತಂದಿರೂ ತರೀಕೆರೆಯವರೇ. ಆದರೆ ನಮ್ಮ ಕಡೆಯವರು ಹುಡುಗನ ಓದು ಕೇಳಲಿಲ್ಲ, ಗುಣ ಕೇಳಲಿಲ್ಲ, ಕೇರಿ ಯಾವುದು ಎಂದು ಕೇಳಿ ಅಲ್ಲಿಗೆ ಮಾತು ಮುಗಿಸಿದರು. ಅವ್ವ ಅವತ್ತು ಗೋಡೆಯಿಂದ ಅಕ್ಕನ ಫೋಟೋ ಇಳಿಸಿದಳು. ಮಾರನೆಯ ದಿನದಿಂದ ಅವಳ ಹೆಸರನ್ನೂ ಬಾಯಿಂದ ಇಳಿಸಿದಳು. ಅಪ್ಪ ಏನೂ ಅನ್ನಲಿಲ್ಲ. ಆ ಮನುಷ್ಯ ಏನೂ ಅನ್ನದೇ ಇದ್ದದ್ದಕ್ಕೆ ನನಗೆ ಅವರ ಮೇಲೆ ಬಹಳ ದಿನ ಸಿಟ್ಟಿತ್ತು.

ನಾನು ಮಾತ್ರ ಏನು ಮಾಡಿದೆ? ನನಗೆ ಇಪ್ಪತ್ತಾರು ನಡೆಯುವಾಗ ಒಂದು ಗಂಡಿನ ಕಡೆಯವರು ಮನೆಗೆ ಬಂದರು. “ನಮಗೆ ಇವ್ಳೊಬ್ಳೇ ಮಗ್ಳು” ಎಂದಳು ಅವ್ವ. ನಾನು ಕಾಫಿ ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಒಂದು ಲೋಟವೂ ಅಲುಗಾಡಲಿಲ್ಲ. ಆ ಸಂಬಂಧ ಕೂಡಿ ಬರಲಿಲ್ಲ, ಆಮೇಲೆ ಬಂದ ಒಂದೆರಡೂ ಬರಲಿಲ್ಲ, ನಾನೂ ಸಾಕು ಎಂದುಬಿಟ್ಟೆ. ಆದರೆ ಆ ಕಾಫಿ ತಟ್ಟೆಯ ನೆನಪು ಬಂದರೆ ಇವತ್ತಿಗೂ ನನಗೆ ನನ್ನ ಮೇಲೆಯೇ ಅಸಹ್ಯವಾಗುತ್ತದೆ.

ನಮ್ಮ ಕಡೆ ಹೆಣ್ಣು ನೋಡಲು ಬರುವುದಕ್ಕೆ ಮುಂಚೆ ವಿಚಾರಿಸಲು ಬರುವುದು ಎಂದೊಂದಿದೆ. ಗಂಡಿನ ಕಡೆಯ ಯಾರೋ ಒಬ್ಬರು, ಮುಖಪರಿಚಯ ಇಲ್ಲದವರು, ಯಾರಿಗೂ ಹೇಳದೆ ಬಂದು ಎದುರುಮನೆ, ಹಿಟ್ಟಿನ ಗಿರಣಿ, ಟೀ ಅಂಗಡಿಯಲ್ಲಿ ಕೂತು ಮೆಲ್ಲಗೆ ಮಾತು ತೆಗೆಯುತ್ತಾರೆ. ಆ ಮನೆಯವರು ಹೇಗೆ, ಹುಡುಗಿ ಹೇಗೆ, ಎಷ್ಟು ಜನ ಮಕ್ಕಳು. ಹಾಗೆ ಕೇಳಿದಾಗ ಬೀದಿಯವರು ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹಿಂದಿನ ದಿನವಷ್ಟೇ ನಲ್ಲಿ ನೀರಿಗೆ ಜಗಳ ಆಡಿದವರೂ ಅವತ್ತು ಆ ಮನೆಯ ಹುಡುಗಿಯನ್ನು ಹೊಗಳಬೇಕು. ಮುಚ್ಚಿಡುವುದನ್ನು ಮುಚ್ಚಿಡಬೇಕು. ಇದು ಸುಳ್ಳು ಎಂದು ಯಾರೂ ಅಂದುಕೊಳ್ಳುವುದಿಲ್ಲ, ಉಪಕಾರ ಎಂದುಕೊಳ್ಳುತ್ತಾರೆ.

ಫಾರಂ ಕೊಟ್ಟು ತಿಂಗಳಾಗಿತ್ತು. ಒಂದು ಶುಕ್ರವಾರ ಅವ್ವನ ಫೋನು. ಕಾಲು ನೆಲದ ಮೇಲೆ ನಿಲ್ಲದವಳ ಹಾಗೆ ಮಾತಾಡುತ್ತಿದ್ದಳು.

“ವಿಚಾರ್ಸೋಕೆ ಬಂದಿದ್ರು ಕಣೇ! ವಯಸ್ಸಾದೋರು, ಒಳ್ಳೇ ಮನುಷ್ಯ. ಒಂದ್ ಬ್ಯಾಗು, ಒಂದ್ ಛತ್ರಿ. ನಾಕ್ ಮನೆ ತಿರುಗಿ ನಮ್ ಮನೇಗೂ ಬಂದ್ರು. ತಕ್ಕಡಿ ಕೊಳ್ಳೋರ ಥರ ಮಾತಿಗ್ ಶುರು ಮಾಡಿದ್ರು, ನಂಗೆ ಗೊತ್ತಾಗಲ್ವಾ?”

“ಅವ್ವ, ನಂಗೆ ಮೂವತ್ತೈದು. ಯಾವ ಗಂಡು ಕೂತಿದಾನೆ ಈಗ?”

“ಸುಮ್ನಿರೇ, ಬಾಯಿಬಡುಕಿ. ಎದುರುಮನೆಯೋರು ಮೂವತ್ತು ತುಂಬಿಲ್ಲ ಅಂದವ್ರೆ, ನೀನ್ ಮಧ್ಯೆ ಬಾಯಿ ಹಾಕ್ಬೇಡ.”

ನಾನು ಸಿಡುಕಿ ಫೋನಿಟ್ಟೆ. ಕಾಣದ ಬೆಳಕಿನ ಕಾಳು ಎಣಿಸುವ ನನಗೆ ಕಣ್ಣೆದುರಿನ ವಿಷಯ ಹೊಳೆಯಲಿಲ್ಲ. ಹೊಳೆದದ್ದು ನಾಲ್ಕು ದಿನದ ಮೇಲೆ, ಒಬ್ಬ ಅಧಿಕಾರಿ ಫೋನ್ ಮಾಡಿದಾಗ. ಸಾವಧಾನದ ದನಿ. ನಿವೃತ್ತಿಗೆ ಹತ್ತಿರ ಬಂದವರು ಎಂದು ಆಮೇಲೆ ತಿಳಿಯಿತು.

“ಮೇಡಂ, ನಿಮ್ಮ ಕ್ಲಿಯರೆನ್ಸ್ ವಿಚಾರಣೆಗೆ ಅಜ್ಜಂಪುರಕ್ಕೆ ಹೋಗಿದ್ದೆ. ಒಂದು ಸಮಸ್ಯೆ ಆಗಿದೆ. ನಿಮ್ಮ ಫಾರಂನಲ್ಲಿ ಅಕ್ಕ ಇದ್ದಾರೆ. ಊರಲ್ಲಿ ಇಲ್ಲ.”

ಅವರು ಬರೆದುಕೊಂಡಿದ್ದನ್ನು ಓದುತ್ತ ಹೋದರು. ಎದುರುಮನೆಯವರು: ಒಬ್ಬಳೇ ಮಗಳು, ವಯಸ್ಸು ಇಪ್ಪತ್ತೊಂಬತ್ತು. ಹಿಟ್ಟಿನ ಗಿರಣಿಯವರು: ಒಬ್ಬಳೇ ಮಗಳು, ರೊಟ್ಟಿ ತಟ್ಟಿದರೆ ನೋಡುತ್ತಲೇ ಇರಬೇಕು. ನಿವೃತ್ತ ಪೋಸ್ಟ್ ಮಾಸ್ಟರ್: ಒಬ್ಬಳೇ ಮಗಳು, ಬೀದಿಯಲ್ಲಿ ನಡೆದರೆ ಕತ್ತೆತ್ತಿ ನೋಡುವವಳಲ್ಲ. ಔಷಧಿ ಅಂಗಡಿಯವರು: ಒಬ್ಬಳೇ ಮಗಳು, ಇವತ್ತಿನವರೆಗೆ ಒಂದು ನೆಗಡಿ ಮಾತ್ರೆ ಕೊಂಡಿಲ್ಲ. ತಾಯಿ: ಒಬ್ಬಳೇ ಮಗಳು.

ನನಗೆ ನಗು ಬಂತು, ಕೊನೆಯದನ್ನು ಕೇಳಿ ನಿಂತಿತು.

“ಸರ್, ಅವರು ನಿಮ್ಮನ್ನ ಗಂಡಿನ ಕಡೆಯವರು ಅಂದುಕೊಂಡಿದ್ದಾರೆ.”

“ಅಷ್ಟು ಗೊತ್ತಾಗದೆ ಇರುತ್ತಾ ಮೇಡಂ? ಎರಡು ಕಡೆ ಕೇಸರಿಬಾತ್ ತಿಂದೆ. ಗಿರಣಿಯವರು ಹುಡುಗನಿಗೆ ಎಷ್ಟು ಎಕರೆ ಅಂತ ಕೇಳಿದರು. ನನಗೂ ಇಬ್ಬರು ಹೆಣ್ಣುಮಕ್ಕಳು. ಆದರೆ ನನಗೆ ಗೊತ್ತಾಗಿದ್ದನ್ನ ನಾನು ಬರೆಯೋ ಹಾಗಿಲ್ಲ, ಅವರು ಹೇಳಿದ್ದನ್ನ ಬರೆಯಬೇಕು. ಮೇಲಿನವರಿಗೆ ಇದು ಹೇಗೆ ಕಾಣುತ್ತೆ ಹೇಳಿ. ಹೆತ್ತ ತಾಯೇ ಒಬ್ಬ ಮಗಳನ್ನ ಮುಚ್ಚಿಡ್ತಾ ಇದಾರೆ. ಯಾಕೆ? ಅವಳು ಯಾರು, ಎಲ್ಲಿದಾಳೆ, ಯಾರ ಜೊತೆ ಇದಾಳೆ? ಇಲ್ಲದ ಅಕ್ಕನ್ನ ಬರೆದಿದ್ರೆ ನೀವೊಬ್ಬರು ಸುಳ್ಳು ಅಂತ ಆಗ್ತಿತ್ತು. ಇರೋ ಅಕ್ಕನ್ನ ಬಚ್ಚಿಟ್ಟರೆ ಇಡೀ ಮನೆ ಮೇಲೆ ಅನುಮಾನ.”

ಇನ್ನೊಂದು ಸಲ ಹೋಗುತ್ತೇನೆ ಎಂದರು. ಬರುವ ಮಂಗಳವಾರ. ತಾಯಿ ತನ್ನ ಬಾಯಿಂದಲೇ ಇಬ್ಬರು ಮಕ್ಕಳು ಎಂದು ಹೇಳಿ ಸಹಿ ಹಾಕಬೇಕು. ಮುಂಚೆ ಹೇಳಿಕೆ ಕೊಟ್ಟವರಲ್ಲಿ ಇಬ್ಬರಾದರೂ ತಮ್ಮ ಮಾತು ತಿದ್ದಬೇಕು. ಇಲ್ಲದಿದ್ದರೆ ಫೈಲು ಇರುವ ಹಾಗೇ ಮೇಲೆ ಹೋಗುತ್ತದೆ, ಅಲ್ಲಿಗೆ ನನ್ನ ಕಥೆ ಮುಗಿಯಿತು. ಫೋನ್ ಇಡುವ ಮುಂಚೆ, “ಇದನ್ನ ನಾನು ಹೇಳಲಿಲ್ಲ, ನೀವು ಕೇಳಲಿಲ್ಲ” ಎಂದರು. “ಒಂಬತ್ತು ವರ್ಷದ ಹಿಂದೆ ನೀವು ಕೆಲಸಕ್ಕೆ ಸೇರುವಾಗ ನಿಮ್ಮ ತಂದೆ ಠಾಣೆಯಲ್ಲಿ ಹೇಳಿಕೆ ಕೊಟ್ಟಿದ್ದಾರೆ. ಅವರ ಕೈಬರಹದಲ್ಲೇ ಇದೆ. ಇಬ್ಬರು ಹೆಣ್ಣುಮಕ್ಕಳು ಅಂತ.”

ನಾನು ಫೋನ್ ಕೈಯಲ್ಲಿ ಹಿಡಿದುಕೊಂಡೇ ಕೂತೆ. ಏನೂ ಅನ್ನದ ಅಪ್ಪ! ಯಾರಿಗೂ ಹೇಳದೆ ಪೊಲೀಸ್ ಠಾಣೆಗೆ ಹೋಗಿ ಬರೆದುಕೊಟ್ಟು ಬಂದು, ಮತ್ತೆ ತಕ್ಕಡಿ ಮುಂದೆ ಕೂತಿದ್ದ ಅಪ್ಪ. ಅದಾದ ಮೇಲೂ ಒಂಬತ್ತು ವರ್ಷ ನಾನು ಅವರ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆ, ಅದರಲ್ಲಿ ಐದು ವರ್ಷ ಅವರು ಬದುಕಿದ್ದರು. ಅವತ್ತು ಅತ್ತುಬಿಟ್ಟೆ. ಆದರೆ ಅದನ್ನು ಅವ್ವನಿಗೆ ಹೇಳುವ ಹಾಗಿರಲಿಲ್ಲ. ಫೈಲಿನಲ್ಲಿರುವುದು ಫೈಲಿನಲ್ಲೇ ಇರಬೇಕು, ಅದು ನಾನು ಸಹಿ ಹಾಕಿರುವ ನಿಯಮ.

ಅಕ್ಕನಿಗೆ ಫೋನ್ ಮಾಡಿದೆ. ಅವಳು ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ, ಹಿಂದೆ ಮಕ್ಕಳ ಗಲಾಟೆ. ಎಲ್ಲ ಹೇಳಿದೆ. ಗಂಡಿನ ಕಡೆಯವರ ಕಥೆ ಕೇಳಿ ಗೊಳ್ಳೆಂದು ನಕ್ಕಳು. ನಗುತ್ತ ನಗುತ್ತ ದನಿ ಬದಲಾಯಿತು.

“ಅಲ್ಲ ಕಣೇ, ನಾನ್ ಬದ್ಕಿದೀನಿ ಅಂತ ಅವ್ವನ್ ಬಾಯಲ್ಲಿ ಹೇಳ್ಸೋಕೆ ಸರ್ಕಾರ ಬರ್ಬೇಕಾಯ್ತಾ?”

ಅವ್ವನನ್ನು ಹೇಗಾದರೂ ಒಪ್ಪಿಸುತ್ತೇನೆ ಎಂದೆ.

“ಬಲವಂತ ಮಾಡ್ಬೇಡ” ಎಂದಳು. “ನಿನ್ ಕೆಲ್ಸ ಉಳ್ಸೋಕೆ ಅಂತ ಹೇಳೋದಾದ್ರೆ ಹೇಳೋದೇ ಬೇಡ. ನಂಗೂ ಮಾನ ಐತೆ.” ಮಕ್ಕಳಿಗೆ ಊಟ ಬಡಿಸುವ ಹೊತ್ತಾಯಿತು ಎಂದು ಫೋನಿಟ್ಟಳು.

ಭಾನುವಾರ ರೈಲಿನಲ್ಲಿ ಊರಿಗೆ ಹೋದೆ. ಅವ್ವ ತಲೆಗೆ ಎಣ್ಣೆ ಹಚ್ಚಿಕೊಂಡು, ಹೊಸ ಸೀರೆ ಉಟ್ಟು, ಅಂಗಡಿಯ ಗಲ್ಲಾದ ಹಿಂದೆ ಕೂತಿದ್ದಳು. ಗಂಡಿನ ಕಡೆಯವರು ಮತ್ತೆ ಬಂದರೆ ಇರಲಿ ಎಂದು ಕುರ್ಚಿಗೆ ಹೊಸ ಕವರ್ ಹಾಕಿಸಿದ್ದಳು. ಮೇಲೆ ಕರೆದುಕೊಂಡು ಹೋಗಿ ಕೂರಿಸಿ ನಿಜ ಹೇಳಿದೆ.

ಮೊದಲು ಅವಳಿಗೆ ಅರ್ಥವೇ ಆಗಲಿಲ್ಲ. “ಹಂಗಾರೆ ಹುಡ್ಗ ಇಲ್ವಾ?” ಎಂದಳು.

“ಇಲ್ಲ ಅವ್ವ.”

ಅವಳ ಮುಖ ಸಪ್ಪಗಾಯಿತು. ಮೂಗುತಿಯನ್ನು ಬೆರಳಲ್ಲಿ ತಿರುಗಿಸತೊಡಗಿದಳು. ಆ ಸಂಕಟ ನೋಡಲಾಗಲಿಲ್ಲ. ಹೇಳಬೇಕಾದ್ದು ಇನ್ನೂ ಬಾಕಿಯಿತ್ತು, ಅದನ್ನೂ ಹೇಳಿದೆ. ಅಕ್ಕ ಇದಾಳೆ ಎಂದು ಮಂಗಳವಾರ ಅವರ ಮುಂದೆ ಹೇಳಬೇಕು.

“ಯಾವ್ ಅಕ್ಕ?” ಎಂದಳು.

ನನಗೆ ಪಿತ್ತ ನೆತ್ತಿಗೇರಿತು. “ಅವ್ವ, ನನ್ ಮುಂದೂ ಆಡ್ಬೇಡ ಆ ಆಟ.”

“ನಾನ್ ಹೇಳಿದ್ದು ಯಾರಿಗೋಸ್ಕರ? ನಿಂಗೋಸ್ಕರ ತಾನೆ? ಅವ್ಳ್ ವಿಷ್ಯ ಗೊತ್ತಾದ್ರೆ ನಿನ್ನ ಯಾರ್ ಮಾಡ್ಕೊಳ್ತಾರೆ ಅಂತ.”

“ನಂಗೋಸ್ಕರ ಅಲ್ಲ. ಜನ ಏನಂತಾರೋ ಅಂತ. ನಾನೂ ಅಷ್ಟೇ, ಕಾಫಿ ತಟ್ಟೆ ಹಿಡ್ಕೊಂಡು ಬಾಯಿ ಮುಚ್ಕೊಂಡು ನಿಂತಿದ್ದೆ. ನಾವಿಬ್ರೂ ಸೇರಿ ಅವಳನ್ನ ಇಲ್ಲ ಅನ್ನಿಸ್ಬಿಟ್ವಿ.”

ಅವ್ವ ಎದ್ದು ಕಿಟಕಿ ಹತ್ತಿರ ಹೋಗಿ ಬೀದಿ ನೋಡುತ್ತ ನಿಂತಳು. ಆಮೇಲೆ, ಸಣ್ಣ ದನಿಯಲ್ಲಿ, “ಹದಿನೇಳ್ ವರ್ಷ ಇಲ್ಲ ಅಂದಿದೀನಿ. ಈ ಬೀದಿಯೋರೆಲ್ಲ ನನ್ ಮುಖ ನೋಡಿ ಇಲ್ಲ ಅಂದವ್ರೆ. ಈಗ ಇದಾಳೆ ಅಂತ ಯಾವ್ ಬಾಯಲ್ಲಿ ಹೇಳ್ಲಿ? ಆ ಬಾಯಿ ನಂಗಿಲ್ಲ” ಎಂದಳು.

ಸೋಮವಾರ ಇಡೀ ದಿನ ನಾವಿಬ್ಬರೂ ಮಾತಾಡಲಿಲ್ಲ. ಅವಳು ಚಟ್ನಿ ರುಬ್ಬಿದಳು, ನಾನು ರೊಟ್ಟಿ ತಟ್ಟಿದೆ. ನೋಡುತ್ತಲೇ ಇರಬೇಕಾದ ರೊಟ್ಟಿ! ಒಂದೂ ದುಂಡಗೆ ಬರಲಿಲ್ಲ. ಅಪ್ಪ ಬರೆದುಕೊಟ್ಟ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿಬಿಟ್ಟರೆ ಅವ್ವ ಕರಗುತ್ತಾಳೆ ಎಂದು ಗೊತ್ತಿತ್ತು. ಹೇಳಿದರೆ ನಿಯಮ ಮುರಿದ ಹಾಗೆ, ಕ್ಲಿಯರೆನ್ಸ್ ಕೇಳುವ ಯೋಗ್ಯತೆಯೇ ಹೋದ ಹಾಗೆ. ನಿಜ ಹೇಳಬೇಕೆಂದರೆ ನನಗೆ ಆ ಕೆಲಸ ಬೇಕಿತ್ತು. ಅಕ್ಕನಿಗಾಗಿ ಎಷ್ಟು, ಯಂತ್ರಕ್ಕಾಗಿ ಎಷ್ಟು ಎಂದು ಕೇಳಿದರೆ ಅವತ್ತು ನನಗೇ ತಿಳಿಯುತ್ತಿರಲಿಲ್ಲ.

ಮಂಗಳವಾರ ಹನ್ನೊಂದಕ್ಕೆ ಅಧಿಕಾರಿ ಬಂದರು, ಅದೇ ಬ್ಯಾಗು, ಅದೇ ಛತ್ರಿ. ವಿಚಾರಣೆಯ ಹೊತ್ತಿಗೆ ನಾನು ಅಲ್ಲಿರಬಾರದು. ಅದಕ್ಕೆ ಎದುರುಮನೆಗೆ ಹೋದೆ. ಅಲ್ಲಿರುವವರು ನಮ್ಮ ನೆಂಟರಲ್ಲ, ಆದರೆ ಚಿಕ್ಕಂದಿನಿಂದ ನಾನು ದೊಡ್ಡಮ್ಮ ಎಂದೇ ಕರೆಯುವುದು. ಜಗಲಿಯ ಮೇಲೆ ಅವರೆಕಾಯಿ ಸುರಿದುಕೊಂಡು ಸುಲಿಯುತ್ತಿದ್ದರು, ನಾನೂ ಪಕ್ಕದಲ್ಲಿ ಕೂತೆ. ಅವರಿಗೂ ಅಷ್ಟರಲ್ಲಿ ಎಲ್ಲ ಗೊತ್ತಾಗಿತ್ತು.

“ನಿನ್ ಒಳ್ಳೇದಕ್ಕೆ ಅಂತ ಹೇಳ್ಬಿಟ್ಟೆ ಕಣವ್ವ” ಎಂದರು, ಕಾಯಿಯಿಂದ ಕಣ್ಣೆತ್ತದೆ. “ಆರ್ ವರ್ಷ ವಯಸ್ಸೂ ಕಡ್ಮೆ ಮಾಡ್ದೆ. ಪೊಲೀಸ್ನೋರು ಹಿಡ್ಕೊಂಡ್ ಹೋಗ್ತಾರಾ ನನ್ನ?”

“ವಯಸ್ ಕಡ್ಮೆ ಮಾಡಿದ್ದಕ್ಕೆ ಹಿಡಿಯೋ ಹಾಗಿದ್ರೆ ಜೈಲಲ್ಲಿ ಜಾಗ ಸಾಲಲ್ಲ ದೊಡ್ಡಮ್ಮ.”

ಅವರು ನಗಲಿಲ್ಲ. “ಆ ಹುಡ್ಗಿಗೆ ನಾನೇ ಜಡೆ ಹಾಕ್ತಿದ್ದೆ, ಇಸ್ಕೂಲಿಗ್ ಹೋಗ್ವಾಗ” ಎಂದರು. “ನಾನೇ ಇಲ್ಲ ಅಂದ್ಬಿಟ್ನಲ್ಲ.” ಕೈ ಮಾತ್ರ ಸುಲಿಯುತ್ತಲೇ ಇತ್ತು.

ಬೀದಿಯ ಆ ಬದಿಗೆ ನಮ್ಮ ಅಂಗಡಿ ಪೂರ್ತಿ ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಅಧಿಕಾರಿ ಹೊಸ ಕವರಿನ ಕುರ್ಚಿಯಲ್ಲಿ ಕೂತಿದ್ದರು. ಅವ್ವ ಕೈ ಕಟ್ಟಿಕೊಂಡು ನಿಂತಿದ್ದಳು. ಅವರು ಏನೋ ಕೇಳಿದರು, ಅವ್ವ ಅಡ್ಡಡ್ಡ ತಲೆಯಾಡಿಸಿದಳು. ಮತ್ತೆ ಕೇಳಿದರು, ಮತ್ತೆ ತಲೆಯಾಡಿಸಿದಳು. ಹೋಯ್ತು ಎಂದುಕೊಂಡೆ. ಐದು ವರ್ಷದ ಕೆಲಸ ಕಣ್ಣೆದುರೇ ಮುಳುಗಿತು. ಮರುಗಳಿಗೆಗೆ ಅದಕ್ಕಿಂತ ಹೆಚ್ಚಾಗಿ ಅಕ್ಕ ಫೋನಿನಲ್ಲಿ ಅಂದ ಮಾತು ಚುಚ್ಚಿತು.

ಅಧಿಕಾರಿ ಬ್ಯಾಗಿನಿಂದ ಒಂದು ಹಾಳೆ ತೆಗೆದು ಓದತೊಡಗಿದರು. ಅವ್ವ ಕಟ್ಟಿದ ಕೈ ಬಿಟ್ಟಳು. ಮುಂದೆ ಬಂದು ಹಾಳೆಗೆ ಕೈಚಾಚಿದಳು. ಅವರು ಕೊಟ್ಟರು. ಕನ್ನಡಕ ಹುಡುಕಿ ಹಾಕಿಕೊಂಡು, ದೊಡ್ಡ ತಕ್ಕಡಿಯ ಹಲಗೆಯ ಮೇಲೆಯೇ ಕೂತು ಓದಿದಳು. ನಾಲ್ಕು ಸಾಲು ಓದುವುದಕ್ಕೆ ಅಷ್ಟು ಹೊತ್ತು ಬೇಕಿಲ್ಲ. ಅಧಿಕಾರಿ ಮುಖ ತಿರುಗಿಸಿ ಬೀದಿ ನೋಡುತ್ತಿದ್ದರು. ತಕ್ಕಡಿಯ ಮೇಲೆ ಅವ್ವನ ತೂಕದ ಕೆಂಪು ಅಂಕಿ ಒಂದೇ ಸಮನೆ ಅಲುಗುತ್ತಿತ್ತು.

ಅವ್ವ ಎದ್ದಳು. ಸೆರಗಿನಿಂದ ಮುಖ ಒರೆಸಿಕೊಂಡು ಅಂಗಡಿಯ ಮೆಟ್ಟಿಲಿಗೆ ಬಂದು ನಿಂತಳು. ನನ್ನನ್ನು ಕರೆಯುತ್ತಾಳೆ ಎಂದುಕೊಂಡೆ. ಕರೆದದ್ದು ದೊಡ್ಡಮ್ಮನನ್ನು, ಅದೂ ಸಂತೆಯ ದಿನದ ದನಿಯಲ್ಲಿ.

“ಅಕ್ಕಾ! ಬಾ ಈಕಡೆ, ಒಂದ್ ಸಹಿ ಹಾಕ್ಬೇಕು! ಅವತ್ತು ಸುಳ್ಳು ಹೇಳಿದ್ವಲ್ಲ, ಅದನ್ನ ತಿದ್ಬೇಕು! ನನ್ನ ದೊಡ್ ಮಗಳ ವಿಷ್ಯ!”

ಆಮೇಲೆ ಹೆಸರು ಹೇಳಿದಳು. ಮನೆಯಲ್ಲಿ ಕರೆಯುವ ಗಿಡ್ಡ ಹೆಸರಲ್ಲ, ಸ್ಕೂಲಿಗೆ ಸೇರಿಸುವಾಗ ಅಪ್ಪ ಬರೆಸಿದ ಪೂರ್ತಿ ಹೆಸರು. ಟೀ ಅಂಗಡಿಯಲ್ಲಿ ಲೋಟ ಹಿಡಿದವರು ಹಾಗೇ ತಿರುಗಿದರು. ಗಿರಣಿಯವರು ಬೆಲ್ಟು ನಿಲ್ಲಿಸಿ, ಮೈಯೆಲ್ಲ ಹಿಟ್ಟು, ಬಾಗಿಲಿಗೆ ಬಂದರು. “ನೀವೂ ಬನ್ರೀ ಗಿರಣಿಯೋರೇ, ನೀವೂ ಹೇಳಿದ್ರಲ್ಲ” ಎಂದು ಅವ್ವ ಇನ್ನೊಂದು ಸಲ ಹೆಸರು ಹೇಳಿದಳು. ಔಷಧಿ ಅಂಗಡಿಯವರು ಹಣಕಿದರು, ಅವರಿಗೂ ಹೇಳಿದಳು. ಹದಿನೇಳು ವರ್ಷ ಬಾಯಲ್ಲಿ ಒತ್ತಿಟ್ಟುಕೊಂಡಿದ್ದನ್ನು ಬಿಡಲು ಒಂದು ಸಲ ಹೇಳಿದರೆ ಸಾಲಲಿಲ್ಲ ಅಂತ ಕಾಣುತ್ತದೆ. ದೊಡ್ಡಮ್ಮ ಮಡಿಲಿನ ಅವರೆಕಾಳನ್ನೆಲ್ಲ ಜಗಲಿಗೆ ಚೆಲ್ಲಿ, ಚಪ್ಪಲಿ ಮೆಟ್ಟದೆ ಓಡಿದರು.

ಅಧಿಕಾರಿ ಹೊರಟ ಮೇಲೆ ನಾನು ಅಂಗಡಿಗೆ ಹೋದೆ. ಅವ್ವ ಅಳುತ್ತಲೂ ಇದ್ದಳು, ಉರಿಯುತ್ತಲೂ ಇದ್ದಳು.

“ನಿಮ್ಮಪ್ಪನ್ ಕೈಬರಹ ಕಣೇ. ‘ನನಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಒಳ್ಳೆಯವರು’ ಅಂತ ಬರ್ದವ್ರೆ. ದೊಡ್ಡೋಳ್ ಹೆಸ್ರೇ ಮೊದ್ಲು. ನಂಗೆ ಒಂದ್ ಮಾತ್ ಹೇಳ್ಲಿಲ್ಲ ಆ ಮನುಷ್ಯ. ಪೊಲೀಸ್ನೋರಿಗ್ ಹೇಳಿ ನಂಗೆ ಹೇಳ್ಲಿಲ್ಲ.”

“ನೀನು ಕೇಳಿದ್ಯಾ ಅವ್ವ?”

ಕೇಳಿರಲಿಲ್ಲ. ಮೂಗು ಒರೆಸಿಕೊಂಡಳು. ಆಮೇಲೆ ನನ್ನ ಕಡೆ ನೋಡದೆ, “ಅವ್ಳ್ ನಂಬರ್ ಐತಾ ನಿನ್ ಹತ್ರ?” ಎಂದಳು. ಇದೆ, ಮೊದಲಿನಿಂದಲೂ ಇದೆ ಎಂದೆ. “ಕಳ್ಳಿ” ಎಂದು ತಲೆಗೊಂದು ಮೊಟಕಿದಳು.

ಕ್ಲಿಯರೆನ್ಸ್ ಬಂತು. ಅವತ್ತು ಬಾಗಿಲಿಗೆ ಕಾರ್ಡು ತೋರಿಸಿ, ಅದು ತೆರೆದುಕೊಂಡಾಗ, ಒಳಗೆ ಹೋಗದೆ ಒಂದು ಗಳಿಗೆ ನಿಂತಿದ್ದೆ. ಅಕ್ಕ ಒಂದು ಸಲ ಭಾವನ ಜೊತೆ ಮನೆಗೆ ಬಂದಳು. ಅರ್ಧ ಗಂಟೆಗೆ ಅವ್ವನಿಗೂ ಅವಳಿಗೂ ಚಹಾದ ಸಕ್ಕರೆ ವಿಷಯಕ್ಕೆ ಜಗಳ ಆಗಿ ಎದ್ದು ಹೋದಳು. ಹದಿನೇಳು ವರ್ಷದ ಸಿಟ್ಟು ಅದು, ಸಕ್ಕರೆಯದಲ್ಲ. ಮುಂದಿನ ತಿಂಗಳು ಮತ್ತೆ ಬಂದಳು, ಒಂದು ಗಂಟೆ ಕೂತಳು. ಅವ್ವ ಬಾಗಿಲ ತನಕ ಹೋಗಿ ಭಾವನಿಗೆ ಬೀದಿಯ ಟ್ರಾನ್ಸ್‌ಫಾರ್ಮರ್ ವಿಷಯ ಹೇಳಿದಳಂತೆ.

ನನ್ನ ಅಕ್ಕನ ಹೆಸರನ್ನು ನಾನು ಇಲ್ಲಿ ಬರೆಯುವ ಹಾಗಿಲ್ಲ, ಮೇಲಿನವರ ಷರತ್ತು. ಬೇಕಾದರೆ ಅಜ್ಜಂಪುರಕ್ಕೆ ಹೋಗಿ, ಬಜಾರ್ ಬೀದಿಯಲ್ಲಿ ಯಾರ ಮನೆ ಮುಂದಾದರೂ ನಿಂತು, ತಕ್ಕಡಿ ಅಂಗಡಿಯವರಿಗೆ ಎಷ್ಟು ಜನ ಮಕ್ಕಳು ಎಂದು ವಿಚಾರಿಸಿ. ಹೆಸರು ಸಮೇತ ಹೇಳುತ್ತಾರೆ.